ಬೆನ್ನಿಗೆ ಹೊಂದುವ ಚೀಲ

ಇಳಕಲ್ಲ
೧೨ ಡಿಸೆಂಬರ್ ೨೦೨೪

ಪ್ರೀತಿಯ ಬಾನು,

ಅಕ್ಷರ ನೋಡಿ ಯಾರೆಂದು ತಿಳಿಯದಿದ್ದರೆ ಪತ್ರದ ಕೊನೆಗೆ ಹೋಗಿ ಹೆಸರು ನೋಡಿಕೊಂಡು ಬಾ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಮದುವೆಯಾಗಿ ನೀನು ಬಾದಾಮಿಗೆ ಹೋದೆ. ನಾನು ಇದೇ ಊರಿನ ಒಂದು ಓಣಿಯಿಂದ ಇನ್ನೊಂದು ಓಣಿಗೆ ಸೊಸೆಯಾಗಿ ಬಂದೆ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು ನಿನ್ನದು. ಆದರೂ ಇಷ್ಟು ವರ್ಷ ಹೋಗಿಬಿಟ್ಟವು.

ನಿನ್ನ ಸುದ್ದಿ ತಂದವಳು ನನ್ನ ತಮ್ಮನ ಮಗಳು ಪ್ರಿಯದರ್ಶಿನಿ. ಬಂಡೆ ಹತ್ತಲು ಗೆಳತಿಯರ ಜೊತೆ ಬಾದಾಮಿಗೆ ಬಂದಿದ್ದಳು. ಚೀಲದ ಪಟ್ಟಿ ಕಿತ್ತುಹೋಗಿ ಅಂಗಡಿಗೆ ಕೊಟ್ಟರೆ, ಅಂಗಡಿಯ ಶಕೀಲ ಅದನ್ನು ಒಳಗೆ ತನ್ನ ತಾಯಿಗೆ, ಅಂದರೆ ನಿನಗೆ, ದಾಟಿಸಿದನಂತೆ. ಊರು ಯಾವುದೆಂದು ಆ ತಾಯಿ ಕೇಳಿದಾಗ ಇವಳು ಕಾಗದದ ಮೇಲೆ ಇಳಕಲ್ಲ ಎಂದು ಬರೆದು ತೋರಿಸಿದಳು. "ಹಂಗಾರ ಸಾವಿತ್ರಿ ಗೊತ್ತೇನ ನಿನಗ?" ಎಂದೆಯಂತೆ. ಇಳಕಲ್ಲಿನಲ್ಲಿ ಎಷ್ಟು ಜನ ಸಾವಿತ್ರಿಯರಿದ್ದಾರೆ ಬಾನು! ಆದರೆ ಹುಡುಗಿ ಚುರುಕು, ನನ್ನ ತವರಿನ ಅಡ್ಡಹೆಸರು ಹೇಳಿ ನಿನ್ನನ್ನು ಹಿಡಿದುಬಿಟ್ಟಳು. ನಿನಗೆ ಈಗ ಕಿವಿ ಕೇಳಿಸುವುದು ಕಡಿಮೆ ಎಂದೂ ಹೇಳಿದಳು. ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಫೋನಿನ ಮೇಲೆ ಅಕ್ಷರ ಒತ್ತುವುದು ನನಗೂ ಒಗ್ಗಿಲ್ಲ.

ಈಗ ಕೆಲಸದ ಮಾತು. ಬರುವ ಯುಗಾದಿಗೆ ನಾನು ಶ್ರೀಶೈಲಕ್ಕೆ ನಡೆದು ಹೋಗುತ್ತೇನೆ. ಪ್ರತಿ ವರ್ಷ ಹೋಗುವವರು ನಮ್ಮ ಮನೆಯವರು. ಲೈನ್‌ಮನ್ ಆಗಿ ಜೀವಮಾನವಿಡೀ ಕಂಬ ಹತ್ತಿ ಇಳಿದವರು, ನಿವೃತ್ತಿಯಾದ ಮೇಲೆ ದೀಪಾವಳಿಯ ಹಣತೆ ಇಡಲು ಹೋಗಿ ಮನೆಯ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಈ ವರ್ಷ ಶ್ರೀಶೈಲ ಮಲ್ಲಯ್ಯನ ದರ್ಶನ ತಪ್ಪಿತಲ್ಲ ಎಂದು ಕೊರಗುತ್ತಿದ್ದರು. ನಾನು ಹೋಗುತ್ತೇನೆ ಎಂದೆ. ಎಷ್ಟು ನಕ್ಕರೆಂದರೆ ಪ್ಲಾಸ್ಟರಿನೊಳಗೆ ಕಾಲು ನೋಯತೊಡಗಿತು. "ಸಂತಿಗೆ ಹೋದ್ರ ಆಟೋದಾಗ ಬರಾಕಿ ನೀ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಸೀರೆಗೆ ಸೆರಗು ಜೋಡಿಸುವ ಕೊಂಡಿಯ ಕೆಲಸದಲ್ಲಿ ಕೂತೇ ಬದುಕಿದವಳು ನಾನು. ಆದರೆ ನಕ್ಕ ಮೇಲೆ ಬಿಡಲಾರೆ. ಅವರ ದೊಡ್ಡ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಓಣಿಯ ತುದಿಗೆ ಹೋಗುವಷ್ಟರಲ್ಲಿ ಕುತ್ತಿಗೆ ಉಳುಕಿತು. ನನಗೊಂದು ಚೀಲ ಹೊಲಿದು ಕೊಡುತ್ತೀಯಾ?

ನಿನ್ನ,
ಸಾವಿತ್ರಿ


ಬಾದಾಮಿ
೨೧ ಡಿಸೆಂಬರ್ ೨೦೨೪

ಸಾವಿತ್ರಿ,

ಹೆಸರು ನೋಡಲು ಕೊನೆಗೆ ಹೋಗಲಿಲ್ಲ. 'ಳ' ಬರೆದು ಅದರ ಬಾಲವನ್ನು ಕೆಳಗಿನ ಸಾಲಿನವರೆಗೆ ಎಳೆಯುವವಳು ನೀನೊಬ್ಬಳೇ. ಟೀಚರು ಅದಕ್ಕೆ ನಿನ್ನ ಕೈಮೇಲೆ ಹೊಡೆದಿದ್ದರು. ಪ್ರಯೋಜನವಾಗಿಲ್ಲ.

ಹೊಲಿದು ಕೊಡುತ್ತೇನೆ. ಬಂಡೆ ಹತ್ತುವವರು ತರುವ ದುಬಾರಿ ಚೀಲಗಳನ್ನು ಬಿಚ್ಚಿ ಹೊಲಿದು ನಾನು ತಿಳಿದುಕೊಂಡದ್ದು ಇಷ್ಟು: ಭಾರವನ್ನು ಹೆಗಲು ಹೊರಬಾರದು, ಸೊಂಟ ಹೊರಬೇಕು. ನಾವು ನೀರಿನ ಕೊಡ ಸೊಂಟಕ್ಕೆ ಏರಿಸುತ್ತಿರಲಿಲ್ಲವೇ, ಹಾಗೆ. ಅದಕ್ಕೆ ಸೊಂಟದ ಪಟ್ಟಿ ಅಗಲವಾಗಿರಬೇಕು, ಚೀಲ ಬೆನ್ನಿನಷ್ಟೇ ಉದ್ದವಿರಬೇಕು. ತಲೆ ಬಗ್ಗಿಸಿದಾಗ ಕುತ್ತಿಗೆಯ ಹಿಂದೆ ಒಂದು ಮೂಳೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲ್ತುದಿಯವರೆಗೆ ಒಂದು ನೂಲು ಹಿಡಿದು, ಎರಡೂ ಕಡೆ ಗಂಟು ಹಾಕಿ ಕಳಿಸು. ನೀನು ಎಷ್ಟು ಎತ್ತರ ಎನ್ನುವುದು ನನಗೆ ಬೇಡ.

ಶೂ ಈಗಲೇ ತೆಗೆದುಕೊ, ಮಾರ್ಚಿನವರೆಗೆ ಕಾಯಬೇಡ. ಸಂಜೆ ಹೊತ್ತು ಅಂಗಡಿಗೆ ಹೋಗು, ಆಗ ಕಾಲು ಸ್ವಲ್ಪ ಊದಿರುತ್ತದೆ. ಮುಂದೆ ಒಂದು ಬೆರಳು ಜಾಗವಿರಲಿ. ಹೊಸ ಶೂ ಹಾಕಿಕೊಂಡು ಗುಡ್ಡಕ್ಕೆ ಹೋದವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಇಳಿದು ಬರುವುದನ್ನು ನಾನು ಇಲ್ಲಿ ಕೂತೇ ನೋಡುತ್ತೇನೆ.

ನನ್ನ ಸುದ್ದಿ ದೊಡ್ಡದೇನಿಲ್ಲ. ಕಿವಿ ಮಂದವಾಗುತ್ತ ಬಂತು. ಒಂದು ದಿನ ಹಿಂದಿನಿಂದ ಬಂದ ಆಟೋದ ಸದ್ದು ಕೇಳಲಿಲ್ಲ, ಸೆರಗು ಅದಕ್ಕೆ ಸಿಕ್ಕಿ ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಪೆಟ್ಟಾಗಲಿಲ್ಲ. ಆಮೇಲೆ ನಾನು ಒಬ್ಬಳೇ ಹೊರಗೆ ಹೋಗಿಲ್ಲ. ಮಗ ಸೊಸೆ ಒಳ್ಳೆಯವರು, ಬೇಕಾದದ್ದನ್ನು ಮನೆಗೇ ತರುತ್ತಾರೆ. ಹೊರಗೆ ಹೋಗುವ ಕೆಲಸವೂ ಇಲ್ಲ.

ನೂಲು ಕಳಿಸು.

ಶಹರಬಾನು


ಇಳಕಲ್ಲ
೯ ಜನವರಿ ೨೦೨೫

ಬಾನು,

ನೂಲು ಇದರೊಳಗಿದೆ. ಅಳತೆ ಹಿಡಿದವರು ಇವರೇ. ಮಂಚದ ಮೇಲೆ ಕೂತು, ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಕಂಬದಿಂದ ಕಂಬಕ್ಕೆ ತಂತಿ ಅಳೆಯುವವರ ಗತ್ತಿನಲ್ಲಿ ಹಿಡಿದರು. ಅಳೆದಾದ ಮೇಲೆ ನೂಲನ್ನೇ ನೋಡುತ್ತ, "ಇಷ್ಟ ಗಿಡ್ಡ ಬೆನ್ನಿಗೆ ಏನ ಹೊರಸ್ತಿ?" ಎಂದರು. ಗಂಟನ್ನು ಮಾತ್ರ ಬಿಗಿಯಾಗಿಯೇ ಹಾಕಿದ್ದಾರೆ.

ಶೂ ಬಾಗಲಕೋಟೆಯಲ್ಲಿ ಕೊಂಡೆ, ಸಂಜೆ ಹೊತ್ತಿನಲ್ಲೇ. ನೀಲಿ ಬಣ್ಣದ್ದು. ಆದರೆ ನೀನು ಹೇಳಿದ ಸೊಂಟದ ಪಟ್ಟಿ ಸೀರೆಯ ಮೇಲೆ ಹೇಗೆ ಕೂರುತ್ತದೆಂದು ನೋಡಲು ಇವರ ಹಳೆಯ ಬೆಲ್ಟು ಬಿಗಿದುಕೊಂಡು ನಡೆದರೆ, ಹತ್ತು ಹೆಜ್ಜೆಗೆ ನೆರಿಗೆಯೆಲ್ಲ ಕಿತ್ತು ಕೈಗೆ ಬಂತು. ಪ್ರಿಯದರ್ಶಿನಿ ಚೂಡಿದಾರ ಹಾಕಿಕೋ ಎಂದಳು. ನನಗೆ ಮನಸ್ಸಾಗಲಿಲ್ಲ. ಆಮೇಲೆ ನಮ್ಮ ಅಜ್ಜಿ ಹೊಲದಲ್ಲಿ ಉಡುತ್ತಿದ್ದದ್ದು ನೆನಪಾಗಿ ಕಚ್ಚೆ ಹಾಕಿ ಉಟ್ಟೆ. ಬಾನು, ಕಾಲಿಗೆ ಎಷ್ಟು ಸಲೀಸು ಗೊತ್ತೇ! ಇಷ್ಟು ದಿನ ಯಾಕೆ ಬಿಟ್ಟಿದ್ದೆವು?

ಮೇಲೆ ಕಚ್ಚೆ ಸೀರೆ, ಕೆಳಗೆ ಬಿಳಿ ಕಾಲುಚೀಲ, ನೀಲಿ ಶೂ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತು ನಕ್ಕರು. ದಿನಾ ನಕ್ಕರು. ವಾರ ತುಂಬುವಷ್ಟರಲ್ಲಿ ಅವರಲ್ಲೇ ಇಬ್ಬರು ಊರ ಹೊರಗಿನವರೆಗೆ ಜೊತೆಗೆ ಬರತೊಡಗಿದರು.

ಮೊಮ್ಮಗನ ಹಳೆಯ ಶಾಲೆಯ ಚೀಲಕ್ಕೆ ಜೋಳ ತುಂಬಿ ಹೊತ್ತುಕೊಂಡು ನಡೆಯುವುದು ರೂಢಿ ಮಾಡುತ್ತಿದ್ದೇನೆ. ಮೊದಲು ಅರ್ಧ ಚೀಲ, ಈಗ ಮುಕ್ಕಾಲು. ಹುನಗುಂದದವರೆಗೆ ನಡೆದು ಹೋಗಿ, ಚಹಾ ಕುಡಿದು, ಬಸ್ಸಿನಲ್ಲಿ ವಾಪಸು ಬರುತ್ತೇನೆ. ಮೊದಲ ಸಲ ಹೋದಾಗ ಮಂಡಿ ಹಿಡಿದು ಮರುದಿನ ಏಳಲಾಗಲಿಲ್ಲ. ಇವರು ತಮ್ಮ ಕಾಲಿಗೆ ತಂದಿದ್ದ ಎಣ್ಣೆಯ ಬಾಟಲಿಯನ್ನು ನನ್ನ ಕಡೆ ಸರಿಸಿದರು. ನಿನ್ನೆ ಅದೇ ಬಸ್ಸಿನ ಕಂಡಕ್ಟರು ನನ್ನ ಚೀಲ ನೋಡಿ, "ಅಮ್ಮಾರ, ಆ ಜ್ವಾಳ ಯಾರೂ ತಗೊಳ್ಳವಲ್ರೇನ್ರಿ?" ಎಂದು ಮರುಗಿದ. ನಾನು ಶ್ರೀಶೈಲದ ವಿಷಯ ಹೇಳಿದ ಮೇಲೆ ಇಡೀ ಬಸ್ಸಿಗೆ ಸುದ್ದಿಯಾಯಿತು.

ನಿನಗೆ ಹೊರಗೆ ಹೋಗುವ ಕೆಲಸವಿಲ್ಲ ಎಂದು ಬರೆದಿದ್ದೀಯ. ಅದನ್ನು ಎರಡು ಸಲ ಓದಿದೆ.

ಸಾವಿತ್ರಿ


ಬಾದಾಮಿ
೨ ಫೆಬ್ರವರಿ ೨೦೨೫

ಸಾವಿತ್ರಿ,

ಚೀಲ ಎರಡು ವಾರದ ಹಿಂದೆಯೇ ಮುಗಿದಿತ್ತು. ಕಳಿಸಲು ಕೈ ಬರಲಿಲ್ಲ. ಹೊತ್ತು ನೋಡದ ಚೀಲವನ್ನು ಅಷ್ಟು ದೂರದ ದಾರಿಗೆ ಹೇಗೆ ಕೊಡುವುದು? ನಿನ್ನ ನೂಲನ್ನು ನನ್ನ ಬೆನ್ನಿಗೆ ಹಿಡಿಸಿ ನೋಡಿದೆ, ಸರಿಯಾಗಿ ಕೂತಿತು. ಹಾಗಾಗಿ ನಾನೇ ಹೊತ್ತು ನೋಡುವುದು ಎಂದು ನಿಶ್ಚಯಿಸಿದೆ. ಶಕೀಲ ತಾನು ಹೊರುತ್ತೇನೆ ಎಂದ. ನಿನ್ನ ಬೆನ್ನು ಉದ್ದ, ಅದರಿಂದ ಏನೂ ತಿಳಿಯುವುದಿಲ್ಲ ಎಂದೆ.

ಇಲ್ಲಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಒಂದು ಹಳೆಯ ಕಲ್ಲುದಾರಿ ಇದೆ. ಮೆಟ್ಟಿಲು ಹತ್ತಿದರೆ ಮೇಲೆ ಅಗಲವಾದ ಬಂಡೆಯ ಬಯಲು, ಮುಳ್ಳುಕಂಟಿ, ಆಮೇಲೆ ಇಳಿಜಾರು, ಕೆಳಗೆ ಮಹಾಕೂಟದ ಹೊಂಡ. ಚೀಲದಲ್ಲಿ ಅಕ್ಕಿ ತುಂಬಿ, ಮೇಲೆ ರೊಟ್ಟಿ ಇಟ್ಟು ಹೊರಟೆ. ಶಕೀಲ ನನ್ನ ತೋಳು ಹಿಡಿದೇ ನಡೆದ. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ಈ ದಾರಿಯಲ್ಲಿ ಹಿಂದಿನಿಂದ ಬರುವ ಗಾಡಿಯೇ ಇಲ್ಲ. ತೋಳು ಬಿಡು ಎಂದೆ. ಆಮೇಲೆ ಅವನಿಗಿಂತ ಮುಂದೆ ನಡೆದೆ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಎಷ್ಟು ವರ್ಷವಾಗಿತ್ತು ಸಾವಿತ್ರಿ, ನನ್ನ ಮುಂದೆ ಯಾರೂ ಇಲ್ಲದೆ ನಡೆದು!

ದಣಿವಾರಿಸಿಕೊಳ್ಳಲು ಬಂಡೆಯ ಮೇಲೆ ಕೂತು ಚೀಲ ಪಕ್ಕಕ್ಕೆ ಇಟ್ಟೆ. ನನಗೆ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ ಒಂದು ಮಂಗ, ಅಂಗಡಿಗೆ ಬಂದ ಗಿರಾಕಿಯ ಹಾಗೆ ಕೂತು, ಜಿಪ್ಪಿನ ತುದಿ ಹಿಡಿದು ನಿಧಾನವಾಗಿ ಎಳೆದು ತೆರೆದು, ರೊಟ್ಟಿ ತೆಗೆದುಕೊಂಡು, ಪಕ್ಕದ ಜೇಬಿನಲ್ಲಿ ಚಟ್ನಿ ಇದೆಯೇ ಎಂದೂ ನೋಡುತ್ತಿತ್ತು. ಶಕೀಲ ನಗುತ್ತ ಬಂಡೆಯ ಮೇಲೆ ಉರುಳಿಯೇ ಬಿಟ್ಟ.

ಮನೆಗೆ ಬಂದು ಜಿಪ್ಪು ಕಿತ್ತೆ. ಈಗ ದಾರ ಎಳೆದು ಬಿಗಿಯುವ ಬಾಯಿ, ಅದರ ಮೇಲೆ ಮುಚ್ಚಳ, ಮುಚ್ಚಳಕ್ಕೆ ಒತ್ತಿ ಬಿಚ್ಚುವ ಬಕಲ್ಲು. ಎಡಹೆಗಲ ಪಟ್ಟಿ ಉಜ್ಜುತ್ತಿತ್ತು, ಅದನ್ನು ಸ್ವಲ್ಪ ಹೊರಗೆ ಸರಿಸಿದ್ದೇನೆ. ಮರುವಾರ ಮತ್ತೆ ಅದೇ ಬಂಡೆಗೆ ಹೋಗಿ, ಒಳಗೆ ರೊಟ್ಟಿ ಇಟ್ಟು ದೂರ ಕೂತೆ. ಮಂಗಗಳು ಒಂದಾದ ಮೇಲೊಂದು ಬಂದು, ಎಳೆದು, ಕಚ್ಚಿ, ಸಿಟ್ಟಿನಿಂದ ಎದ್ದು ಹೋದವು. ಈಗ ಕಳಿಸಬಹುದು.

ಮುಚ್ಚಳಕ್ಕೆ ಗುಳೇದಗುಡ್ಡದ ಕುಪ್ಪಸದ ಬಟ್ಟೆಯ, ಕೆಂಪು ಕಣದ, ತುಂಡು ಹಚ್ಚಿದ್ದೇನೆ. ಅಷ್ಟು ಜನರ ನಡುವೆ ನಿನ್ನ ಚೀಲ ನಿನಗೆ ದೂರದಿಂದಲೇ ಕಾಣಬೇಕು.

ಬಾನು


ಇಳಕಲ್ಲ
೧೦ ಮಾರ್ಚ್ ೨೦೨೫

ಬಾನು,

ನಾಡಿದ್ದು ಬೆಳಿಗ್ಗೆ ಹೊರಡುತ್ತೇವೆ. ನಮ್ಮ ತಂಡದ ಮುಂದಾಳು ನಾಗಲಿಂಗ ಅಂತ, ಇವರ ಜೊತೆ ಕೆಲಸ ಮಾಡಿದವರು. ಚೀಲ ಹೊತ್ತು ಈ ಒಂದು ತಿಂಗಳಲ್ಲಿ ಎಷ್ಟು ನಡೆದಿದ್ದೇನೆಂದರೆ ಕೆಳಗಿಟ್ಟರೆ ಬೆನ್ನು ಬರಿದೆನಿಸುತ್ತದೆ.

ಆದರೆ ಮನೆಯಲ್ಲಿ ದೊಡ್ಡ ಯುದ್ಧ ನಡೆದಿದೆ. ನಾನು ತುಂಬಿದ್ದರ ಮೇಲೆ ಇವರು ಹೊದೆಯಲು ಒಂದು ಕೌದಿ ತುರುಕುತ್ತಾರೆ. ನಾನು ತೆಗೆಯುತ್ತೇನೆ. ಅವರು ದೊಡ್ಡ ಬ್ಯಾಟರಿ ಇಡುತ್ತಾರೆ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಒಣಗಿಸಿದ ಕಟಿ ರೊಟ್ಟಿಯ ಇನ್ನೊಂದು ಗಂಟು ಸೇರಿರುತ್ತದೆ. ದಾರಿಯುದ್ದಕ್ಕೂ ಊರೂರಿನಲ್ಲಿ ದಾಸೋಹ ಇರುತ್ತದೆ ಎಂದು ಇಷ್ಟು ವರ್ಷ ನಮಗೆ ಹೇಳಿದವರು ಇವರೇ.

ಇವತ್ತು ಮಾತ್ರ ಒಂದು ವಸ್ತುವನ್ನು ನಾನು ತೆಗೆಯಲಿಲ್ಲ. ನಿನಗೆ ಗೊತ್ತಲ್ಲ, ಶ್ರೀಶೈಲದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ನಡೆದು ಹೋಗುವವರು ಅವಳಿಗೆ ಸೀರೆ ಒಯ್ಯುತ್ತಾರೆ. ಈ ಸಲದ ಸೀರೆಗೆ ಸೆರಗು ಜೋಡಿಸಿದವಳು ನಾನೇ. ಇವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಚೀಲದೊಳಗೆ ನನ್ನ ಬೆನ್ನಿಗೆ ಹತ್ತುವ ಕಡೆ ಚಪ್ಪಟೆಯಾಗಿ ಇಟ್ಟರು. "ಮಗಳಿಗೆ ಕೊಡೂದು ತೋಯಬಾರದು" ಎಂದರು, ಅಷ್ಟೇ.

ನಂಬಿಕೆ ಬಂತು ಎಂದು ಖುಷಿಪಟ್ಟೆ. ಸಂಜೆ ನಾಗಲಿಂಗ ಬಂದಾಗ ಇವರು ಅವರಿಗೆ ಹೇಳಿದ್ದು ಬಾಗಿಲ ಮರೆಯಲ್ಲಿದ್ದ ನನಗೆ ಕೇಳಿಸಿತು: "ಮುದಗಲ್ಲದಾಗ ಬಸ್ ಹತ್ತಿಸಿ ಕಳಿಸಿಬಿಡ್ರಿ ಆಕೀನ್ನ." ನಾನು ಕೇಳಿಸಿಕೊಂಡೆ ಎಂದು ಅವರಿಗೆ ಗೊತ್ತಿಲ್ಲ.

ಸಾವಿತ್ರಿ


ಮಾನ್ವಿ ದಾಟಿ
೧೭ ಮಾರ್ಚ್ ೨೦೨೫

ಬಾನು,

ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಮುದಗಲ್ಲು ಯಾವಾಗಲೋ ಹಿಂದಾಯಿತು. ಅಲ್ಲಿ ನಾಗಲಿಂಗ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಮುಂದೆ ನಡೆದೆವು.

ನಿನಗೆ ಇದನ್ನೆಲ್ಲ ತೋರಿಸಬೇಕು. ಬೆಳಕು ಹರಿಯುವ ಮೊದಲೇ ರಸ್ತೆಯ ತುಂಬ ಜನ. ಬಿಸಿಲೇರಿದ ಮೇಲೆ ಯಾವುದೋ ಊರಿನವರು ಮಜ್ಜಿಗೆ ಹಿಡಿದು ನಿಂತಿರುತ್ತಾರೆ. ನಿನ್ನೆ ಒಬ್ಬಳು ಕಾಲೇಜು ಹುಡುಗಿ ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಳು. ನಾಚಿಕೆಯಾಗಿ ಹೆಸರು ಕೇಳಲೂ ಮರೆತೆ. ನಿನ್ನ ಚೀಲವನ್ನು ದಾರಿಯಲ್ಲಿ ಮುಟ್ಟಿ ನೋಡದವರಿಲ್ಲ. ಹೆಗಲಲ್ಲಿ ಒಂದು ಗೀರೂ ಇಲ್ಲ.

ಬಲಗಾಲಿನ ಹಿಮ್ಮಡಿ ಮಾತ್ರ ಸ್ವಲ್ಪ ಸುಡುತ್ತಿದೆ. ಡಾಂಬರಿನ ಕಾವಿಗೆ ಕಾಲು ನಾನು ಎಣಿಸಿದ್ದಕ್ಕಿಂತ ಹೆಚ್ಚು ಊದಿದೆ. ಮನೆಗೆ ಹೇಳಿಲ್ಲ.

ಸಾವಿತ್ರಿ


ಬಾದಾಮಿ
೨೩ ಮಾರ್ಚ್ ೨೦೨೫

ನಮ್ಮ ಸಾವಿತ್ರಿಯ ಯಜಮಾನರಾದ ರಾಚಪ್ಪ ಅಣ್ಣನವರಿಗೆ ಶಹರಬಾನು ಮಾಡುವ ನಮಸ್ಕಾರ.

ಶಕೀಲ ಇದರ ಫೋಟೋ ತೆಗೆದು ಈಗಲೇ ನಿಮ್ಮ ಫೋನಿಗೆ ಕಳಿಸುತ್ತಾನೆ. ಸಾವಿತ್ರಿ ಆತ್ಮಕೂರಿನ ಶಿಬಿರದಲ್ಲಿ ಹುಣ್ಣಾದ ಹಿಮ್ಮಡಿ ಹಿಡಿದು ಕೂತಿದ್ದಾಳೆಂದೂ, ತಂಡ ಅವಳನ್ನು ಬಿಟ್ಟು ಕಾಡಿಗೆ ಇಳಿದಿದೆಯೆಂದೂ, ನೀವು ಇವತ್ತು ಬಸ್ಸು ಹತ್ತಿ ಅವಳನ್ನು ಕರೆತರಲು ಹೊರಟಿದ್ದೀರೆಂದೂ ಪ್ರಿಯದರ್ಶಿನಿ ಶಕೀಲನಿಗೆ ಫೋನಿನಲ್ಲಿ ಹೇಳಿದಳು. ಮೊನ್ನೆ ಮೊನ್ನೆ ಪ್ಲಾಸ್ಟರ್ ಬಿಚ್ಚಿದ ಕಾಲಿನಲ್ಲಿ ಅಷ್ಟು ದೂರ ಹೊರಟಿದ್ದೀರಿ. ಅವಳ ಮೇಲೆ ನಿಮಗೆ ಎಷ್ಟು ಜೀವ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಹೋದ ಕೂಡಲೇ ಬಸ್ಸು ಹತ್ತಿಸಬೇಡಿ. ಹಿಮ್ಮಡಿಯ ಕೆಂಪು ಮೇಲಕ್ಕೆ ಹರಡಿದ್ದರೆ, ಜ್ವರ ಬಂದಿದ್ದರೆ, ನನ್ನ ಮಾತು ಮರೆತು ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಅವಳ ಮಂಡಿ ಒತ್ತಿ ನೋಡಿ. ಚೀಲ ಹಾಕಿಸಿ ನಿಲ್ಲಿಸಿ ನೋಡಿ. ಅವು ಸರಿಯಿದ್ದರೆ ಸೋತದ್ದು ಸಾವಿತ್ರಿ ಅಲ್ಲ, ಶೂವಿನ ಹಿಂಭಾಗ. ಒತ್ತುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಚಪ್ಪಲಿಯ ಹಾಗೆ ಹಿಂದೆ ಬಿಡುವಾಗಲಿ, ಪಾದದ ಮೇಲೆ ಬಟ್ಟೆಯ ಪಟ್ಟಿ ಬಿಗಿಯಿರಿ. ಒಂದು ದಿನ ಕೂತು ಆಮೇಲೆ ನಡೆಯಲಿ.

ನಾನು ರಂಜಾನಿನ ಉಪವಾಸ, ರೋಜಾ ಇರುವುದರಿಂದ ಇದಕ್ಕಿಂತ ಖಾರವಾಗಿ ಬರೆಯುವುದಿಲ್ಲ. ನಿಮಗೆ ಸಿಟ್ಟು ಬಂದರೆ ಬಾದಾಮಿಗೆ ಬಂದು ಕೂಗಾಡಿ. ನನಗೆ ಹೇಗೂ ಕೇಳಿಸುವುದಿಲ್ಲ.

ಶಹರಬಾನು


ಇಳಕಲ್ಲ
೪ ಏಪ್ರಿಲ್ ೨೦೨೫

ನನ್ನ ಬಾನು,

ಮುಟ್ಟಿದೆ. ನಡೆದೇ ಮುಟ್ಟಿದೆ.

ಆತ್ಮಕೂರಿನ ಶಿಬಿರದಲ್ಲಿ ಚಾಪೆಯ ಮೇಲೆ ಕೂತಿದ್ದೆ. ಡಾಕ್ಟರು ಪಟ್ಟಿ ಕಟ್ಟಿ, ಈ ಶೂ ಹಾಕಿಕೊಂಡು ಮುಂದೆ ಹೋಗಬೇಡಿ ಎಂದಿದ್ದರು. ತಂಡದವರು ನನಗಾಗಿ ಕಾಯುತ್ತೇವೆ ಎಂದರು, ನಾನೇ ಹಟ ಮಾಡಿ ಕಳಿಸಿದೆ. ಅವರ ಹಾಡು ದೂರವಾದ ಮೇಲೆ ಅತ್ತದ್ದು ನಿಜ. ಮರುದಿನ ಇವರು ಕೋಲೂರಿಕೊಂಡು ಬರುವುದು ಕಂಡಾಗ, ಮುಗಿಯಿತು ಎಂದುಕೊಂಡು ಗಂಟು ಕಟ್ಟತೊಡಗಿದೆ.

ಇವರು ಪಟ್ಟಿ ಬಿಚ್ಚಿಸಿ ಹಿಮ್ಮಡಿ ನೋಡಿದರು. ಹಣೆ ಮುಟ್ಟಿದರು. ಮಂಡಿ ಒತ್ತಿದರು. ಚೀಲ ಹಾಕಿಕೊಂಡು ನಿಲ್ಲು ಎಂದರು. ನಿಂತೆ. ಸುತ್ತಲೂ ಒಂದು ಸುತ್ತು ಬಂದು ಬೆನ್ನು, ಸೊಂಟ, ಪಟ್ಟಿ ಎಲ್ಲ ನೋಡಿದರು.

"ಖರೇ ಹೇಳು. ನಡೀತಿ?"

"ನಡೀತೇನಿ."

ಜೇಬಿನಿಂದ ಚಾಕು ತೆಗೆದು, ನನ್ನ ನೀಲಿ ಶೂವನ್ನು ತೊಡೆಗೆ ಒತ್ತಿ ಹಿಡಿದು, ಹಿಂಭಾಗವನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ ಎಸೆದರು. ತಮ್ಮ ಹೆಗಲ ಮೇಲಿನ ಟವೆಲು ಹರಿದು ಪಾದಕ್ಕೆ ಬಿಗಿದು ಕಟ್ಟಿದರು. ನಾನು ಬಾಯಿ ತೆರೆದು ನೋಡುತ್ತಿದ್ದೆ. "ನಿಮ್ಮ ಬಾನು ಬೈದು ಬರದಾರ" ಎಂದು ಫೋನು ತೋರಿಸಿದರು. ಆಮೇಲೆ, ತಾನು ಗಾಡಿಯಲ್ಲಿ ಸುತ್ತಿ ಹೋಗಿ, ಕಾಡಿನ ಏರು ಮುಗಿಯುವ ಕೈಲಾಸ ಬಾಗಿ‌ಲಲ್ಲಿ ಕೂತಿರುತ್ತೇನೆ, ನೀನು ಕಾಡಿನ ದಾರಿಯಲ್ಲಿ ಬಾ ಎಂದರು.

ಗುಳೇದಗುಡ್ಡದ ಕಡೆಯ ಒಂದು ತಂಡದ ಜೊತೆ ಸೇರಿಕೊಂಡೆ. ಅದರಲ್ಲಿ ಲಗಮವ್ವ ಎಂಬ ಹಿರಿಯಳು, ನನಗಿಂತ ಹತ್ತು ವರ್ಷ ದೊಡ್ಡವಳು, ಒಂದು ಹೆಗಲಿಗೆ ಗಂಟು ತೂಗುಹಾಕಿಕೊಂಡು ಬಂದಿದ್ದಳು. ಕಾಡಿನಲ್ಲಿ ಬರೀ ಕಲ್ಲು, ಬಿದಿರು, ಒಣಗಿದ ಹಳ್ಳ. ಹಿಮ್ಮಡಿಗೆ ಏನೂ ತಗಲುತ್ತಿರಲಿಲ್ಲ, ಗಾಳಿಯಾಡುತ್ತಿತ್ತು. ಕೊನೆಯ ದಿನ ಭೀಮನ ಕೊಳ್ಳಕ್ಕೆ ಇಳಿದು ಮತ್ತೆ ಕಡಿದಾದ ಏರು ಹತ್ತಬೇಕು. ಲಗಮವ್ವ ಅರ್ಧಕ್ಕೇ ಕೂತುಬಿಟ್ಟಳು. ನಾನು ಅವಳ ಗಂಟು ತೆಗೆದು ನನ್ನ ಚೀಲದ ಮುಚ್ಚಳದ ಕೆಳಗೆ ಸಿಗಿಸಿ ಬಕಲ್ಲು ಹಾಕಿದೆ. ಅವಳು ನನ್ನ ಚೀಲದ ತುದಿ ಹಿಡಿದುಕೊಂಡಳು. ಇಬ್ಬರೂ ಮಲ್ಲಯ್ಯನನ್ನು ಅಳಿಯ ಎಂದು ಬೈಯುತ್ತ, ಮಗಳನ್ನು ಇಂಥ ಕಾಡಿಗೆ ತಂದಿಟ್ಟಿದ್ದೀಯ ಎಂದು ಕೇಳುತ್ತ, ನಗುತ್ತ ಹತ್ತಿದೆವು.

ಕೈಲಾಸ ಬಾಗಿ‌ಲಲ್ಲಿ ಇವರು ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿದರು, ಗುರುತು ಹಿಡಿಯಲಿಲ್ಲ. ನನ್ನನ್ನು ದಾಟಿ ಹಿಂದಿನ ದಾರಿಯ ಕಡೆಗೇ ನೋಡುತ್ತಿದ್ದರು. ಕಾಲೆಳೆಯುತ್ತ ಬರುವ ಯಾರನ್ನೋ ಕಾಯುತ್ತಿದ್ದರು ಅಂತ ಕಾಣುತ್ತದೆ. ನಾನು ಹೋಗಿ ಎದುರಿಗೇ ನಿಂತೆ.

"ಬಂದ್ಯಾ?" ಎಂದು ಎದ್ದರು. ಚೀಲ ಇಳಿಸಿಕೊಳ್ಳಲು ಕೈಹಾಕಿದರು, ಕೈ ಕೆಳಗೆ ಜಗ್ಗಿತು. "ಇಷ್ಟ ವಜ್ಜಿ ಹೊತ್ತಿಯಾ?" ಎಂದವರು ಅದನ್ನು ಕೆಳಗಿಡದೆ ಎದೆಗೆ ಅವುಚಿಕೊಂಡು ನಿಂತರು. ನಾನು ಬೇರೆ ಕಡೆ ನೋಡಿದೆ.

ಸೀರೆ ಒಂದು ಹನಿಯೂ ತೋಯ್ದಿರಲಿಲ್ಲ. ಮಗಳಿಗೆ ಮುಟ್ಟಿಸಿದೆವು.

ಇಳಕಲ್ಲಿಗೆ ಬಂದಾಗಿನಿಂದ ಇವರು ಕಟ್ಟೆಯ ಮೇಲೆ ಕೂತು ಬರುವವರಿಗೆಲ್ಲ ಸೊಂಟದ ಪಟ್ಟಿಯ ಮಹತ್ವ ವಿವರಿಸುತ್ತಿದ್ದಾರೆ. ತಾವೇ ಕಂಡುಹಿಡಿದವರ ಹಾಗೆ! ಮುಂದಿನ ವರ್ಷ ಇಬ್ಬರೂ ನಡೆಯುವುದಂತೆ. ತನಗೂ ಒಂದು ಚೀಲ ಬೇಕು, ನಾನೇ ಕೇಳಬೇಕಂತೆ, ತನಗೆ ಸಂಕೋಚವಂತೆ.

ಈದ್ ಹೇಗಾಯಿತು? ಯುಗಾದಿಯ ಮರುದಿನವೇ ನಿನ್ನ ಹಬ್ಬ ಬಂತು ಎಂದು ಶ್ರೀಶೈಲದಲ್ಲಿ ನೆನಸಿಕೊಂಡೆ.

ನಿನ್ನ,
ಸಾವಿತ್ರಿ


ಬಾದಾಮಿ
೧೪ ಏಪ್ರಿಲ್ ೨೦೨೫

ಸಾವಿತ್ರಿ,

ನಿನ್ನ ಪತ್ರವನ್ನು ಮೊದಲು ನಾನು ಓದಿದೆ, ಆಮೇಲೆ ಸೊಸೆ ಮಲಿಕಾ ಓದಿದಳು, ಆಮೇಲೆ ಶಕೀಲ ಅಂಗಡಿಗೆ ಒಯ್ದು ಗಿರಾಕಿಗಳಿಗೆ ಓದಿ ಹೇಳಿದ. ಶೂ ಕತ್ತರಿಸಿದ ಕಡೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅಣ್ಣನವರಿಗೆ ಸಂಕೋಚ ಬೇಡ ಎಂದು ಹೇಳು.

ಈದ್ ಚೆನ್ನಾಗಿ ಆಯಿತು. ಹಬ್ಬದ ಮರುದಿನ ಹಾಲು ಶಾವಿಗೆಯ ಸುರಕುಂಬಾ ಡಬ್ಬಿಗೆ ಹಾಕಿಕೊಂಡು ಮಲಿಕಾಳೂ ನಾನೂ ಕಲ್ಲುದಾರಿ ಹತ್ತಿ ಮಹಾಕೂಟದ ಹೊಂಡದ ದಂಡೆಯಲ್ಲಿ ಕೂತು ಕುಡಿದೆವು. ಈಗ ವಾರಕ್ಕೊಮ್ಮೆ ಆ ಗುಡ್ಡ ಹತ್ತದಿದ್ದರೆ ನನಗೆ ಆಗುವುದಿಲ್ಲ. ಹೋದ ಶುಕ್ರವಾರ ಮಲಿಕಾಳಿಗೆ ಕೆಲಸವಿತ್ತು. ನಾನೊಬ್ಬಳೇ ಹೋಗಿ ಬಂದೆ. ಯಾರಿಗೂ ಹೇಳಿರಲಿಲ್ಲ, ನಿನಗೇ ಮೊದಲು ಬರೆಯುತ್ತಿದ್ದೇನೆ.

ಅಣ್ಣನವರ ಬೆನ್ನಿಗೆ ನೂಲು ಬೇಡ. ಮುರಿದು ಕೂಡಿದ ಕಾಲಿನವರು ಒಂದು ಕಡೆ ವಾಲುತ್ತಾರೆ, ಅದನ್ನು ನಡೆಸಿ ನೋಡಿಯೇ ಪಟ್ಟಿ ಇಡಬೇಕು. ಬರುವ ರವಿವಾರ ನಾನೇ ಇಳಕಲ್ಲಿಗೆ ಬರುತ್ತೇನೆ. ಶಕೀಲ ಜೊತೆಗೆ ಬರುತ್ತೇನೆ ಎಂದು ಮೂರು ದಿನದಿಂದ ಹಟ ಹಿಡಿದಿದ್ದಾನೆ. ಬಾದಾಮಿಯಲ್ಲಿ ಬಸ್ಸಿಗೆ ಕೂರಿಸು, ಸಾಕು ಎಂದಿದ್ದೇನೆ. ನಿಮ್ಮೂರಿನ ಬಸ್ ನಿಲ್ದಾಣದಿಂದ ನಿನ್ನ ಓಣಿಯವರೆಗೆ ಗಾಡಿಗಳು ಹೆಚ್ಚು ಎನ್ನುವುದು ನನಗೆ ಗೊತ್ತು. ನನಗೂ ಒಂದು ಚೀಲ ಹೊಲಿದುಕೊಂಡು, ಹೆಗಲ ಪಟ್ಟಿಗೆ ಸೈಕಲ್ಲಿನ ಸಣ್ಣ ಕನ್ನಡಿ ಹಚ್ಚಿದ್ದೇನೆ. ಹಿಂದೆ ಏನು ಬರುತ್ತಿದೆ ಎಂದು ಚೆನ್ನಾಗಿ ಕಾಣುತ್ತದೆ. ನಮ್ಮ ಬೀದಿಯಲ್ಲಿ ಓಡಾಡಿ ನೋಡಿಯಾಗಿದೆ. ಒಂದು ಆಟೋದವನು ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡು ಹೋದ.

ಕರೆಯಲು ಯಾರನ್ನೂ ಕಳಿಸಬೇಡ. ನಡೆದು ಬರುತ್ತೇನೆ.

ಶಹರಬಾನು